ಬೊಂಬಾಯಿಗೆ ಹೊರಟ ಎರಡು ಕಣ್ಣುಗಳು

ದೂರದ ಊರಿಗೆ ಹೊರಟವನು ಯಾವ ವಾಹನ ಹಿಡಿಯಬೇಕೆಂದು ನಿಶ್ಚಯವಾಗಿ ಹೇಳಬಲ್ಲವರು ಊರು ಬಿಟ್ಟು ಕದಲದವರೇ ಎಂಬುದನ್ನು ನೀವೂ ಗಮನಿಸಿರಬಹುದು. ಹೊರಡುವವನಿಗೆ ನೂರು ಸಂದೇಹಗಳಿರುತ್ತವೆ. ಉಳಿಯುವವನಿಗೆ ಒಂದೂ ಇರುವುದಿಲ್ಲ. ರೈಲಾದರೆ ಇಂಥ ಕಡೆ ಕೂರಬೇಕು, ಕಾರಾದರೆ ಬೆಳಗಿನ ತಂಪಿಗೇ ಬಿಡಬೇಕು, ವಿಮಾನವಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಎಂದು ಜಗುಲಿಯ ಮೇಲೆ ಕಾಲು ಚಾಚಿಕೊಂಡೇ ಅಪ್ಪಣೆ ಕೊಡಿಸುತ್ತಾನೆ. ಇಂಥ ಅಪ್ಪಣೆಗಳೆಲ್ಲ ಒಬ್ಬನ ಮೇಲೆ ಒಟ್ಟಿಗೆ ಸುರಿದರೆ ಏನಾಗುತ್ತದೆಂಬುದನ್ನು ನಾನು ನನ್ನ ಮದುವೆಯ ಕಾಲದಲ್ಲಿ ಕಂಡೆ. ‘ಕಂಡೆ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು, ಏಕೆಂದರೆ ಇದು ಕಣ್ಣಿನ ಕಥೆ.

ಎಪ್ಪತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ನಾನು ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ಅಮೆಜಾನ್ ನದಿಯ ಉಪನದಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆನಾದರೂ, ಸ್ವತಃ ತುಮಕೂರಿನ ಆಚೆಗೆ ಕಾಲಿಟ್ಟವನಲ್ಲ. ಅಂಥವನಿಗೆ ಬೊಂಬಾಯಿಯ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆ ಹೊಸಕೋಟೆಯ ಕಡೆಯವರು, ನೌಕರಿಗೆಂದು ಹೋಗಿ ಮಾಟುಂಗದಲ್ಲಿ ನೆಲೆಸಿದ್ದರು. ಹಿಂದಿನ ವರ್ಷ ಅವರು ಊರಿಗೆ ಬಂದಾಗ ಹೆಣ್ಣು ನೋಡುವ ಶಾಸ್ತ್ರ ನಡೆದಿತ್ತು. ಹುಡುಗಿ ತಲೆ ತಗ್ಗಿಸಿ ಕುಳಿತವಳು ಕಡೆಯವರೆಗೂ ಎತ್ತಲಿಲ್ಲವಾದ್ದರಿಂದ ನಾನು ನೋಡಿ ಒಪ್ಪಿದ್ದು ಅವಳ ಬೈತಲೆಯನ್ನು. ಹೆಸರು ಸುಲೋಚನ. ಕನ್ನಡದಲ್ಲಿ ಈ ಪದಕ್ಕೆ ಚೆಲುಗಣ್ಣಿನವಳು ಎಂದೂ ಅರ್ಥ, ಮೂಗಿನ ಮೇಲೆ ಕೂರುವ ಕನ್ನಡಕ ಎಂದೂ ಅರ್ಥ. ನನ್ನ ಪಾಲಿಗೆ ಎರಡರಲ್ಲಿ ಯಾವುದು ಬಂದಿದೆಯೋ ಎಂದು ಶಾಲೆಯ ಗೆಳೆಯರು ತಮಾಷೆ ಮಾಡುತ್ತಿದ್ದರು.

ಲಗ್ನಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಸರಿಯಾಗಿ ಕಣ್ಣುಬೇನೆ ಬಂತು. ಯಾವುದೋ ಖಂಡದಲ್ಲಿ ಹುಟ್ಟಿ, ದೇಶದೇಶ ಸುತ್ತಿಕೊಂಡು ಬಂದ ಮಹಾಮಾರಿಯೆಂದು ಪತ್ರಿಕೆಗಳು ಬರೆದವು. ನಮ್ಮೂರಿನವರು ಅಷ್ಟು ದೂರ ಹೋಗದೆ ‘ಮದ್ರಾಸ್ ಐ’ ಎಂದು ಕರೆದು ಸುಮ್ಮನಾದರು. ಒಟ್ಟಿನಲ್ಲಿ ಭೂಗೋಳದ ಮೇಷ್ಟ್ರಿಗಿಂತ ಹೆಚ್ಚು ಭೂಗೋಳ ಕಂಡ ರೋಗ. ಹಗಲಿಡೀ ಲಟಕಟ ಎನ್ನುತ್ತಿದ್ದ ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ಮೌನವಾದವು. ಎಳೆ ಕಾಣದ ಕಣ್ಣಿನಿಂದ ರೇಷ್ಮೆ ನೇಯುವುದು ಹೇಗೆ? ರೋಗಿಯ ಕಣ್ಣನ್ನು ನೋಡಿದರೆ ಸಾಕು, ನೋಡಿದವನಿಗೂ ಬರುತ್ತದೆ ಎಂಬ ನಂಬಿಕೆ ಬಲವಾಗಿದ್ದರಿಂದ ಊರಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನಂತೂ ಭೂಪಟದ ಕಡೆ ತಿರುಗಿ, ಮಕ್ಕಳಿಗೆ ಬೆನ್ನು ತೋರಿಸಿಯೇ ಪಾಠ ಮಾಡಿದೆ. ನನ್ನ ಪಾಠ ಅಷ್ಟು ಶಾಂತವಾಗಿ ನಡೆದದ್ದು ಅದೇ ಮೊದಲು.

ಅಷ್ಟರಲ್ಲಿ ಮಾಟುಂಗದಿಂದ ಟ್ರಂಕ್ ಕಾಲ್ ಬಂತು. ಹುಡುಗಿಯ ಅಜ್ಜಿ ಆ ಮನೆಯ ಹಿರಿಯ ತಲೆ. ಮದುಮಗ ಕೆಂಗಣ್ಣಿನಲ್ಲಿ ಹಸೆಮಣೆ ಏರುವುದು ಅಪಶಕುನ, ಬೇನೆ ಬಂದರೆ ಮದುವೆ ಮುಂದಕ್ಕೆ ಹೋಗಲಿ ಎಂದು ಅವರು ಅಪ್ಪಣೆ ಮಾಡಿದ್ದರಂತೆ. ಆಷಾಢ ಹತ್ತಿರವಿತ್ತು. ನಮ್ಮ ಮನೆಯಲ್ಲಿ ‘ಮುಂದಕ್ಕೆ’ ಎಂಬ ಪದಕ್ಕೆ ಬೇರೆಯದೇ ಭಯವಿತ್ತು. ಅಪ್ಪನ ತಂಗಿ ನರಸಮ್ಮತ್ತೆಯ ಮದುವೆ ಹಿಂದೊಮ್ಮೆ ಪ್ಲೇಗಿನ ವರ್ಷ ಮುಂದಕ್ಕೆ ಹೋದದ್ದು ಹೋಗೇ ಹೋಯಿತು. ಗಂಡಿನ ಕಡೆಯವರು ತಿರುಗಿ ಬರಲಿಲ್ಲ. ಅತ್ತೆ ತೂಬಗೆರೆಯ ಜಮೀನು ನೋಡಿಕೊಂಡು, ಯಾರಿಗೂ ತಲೆಬಾಗದೆ ಒಂಟಿಯಾಗಿ ಬಾಳಿದವಳು. ಟ್ರಂಕ್ ಕಾಲಿನ ಸುದ್ದಿ ತಲುಪಿದ ದಿನವೇ ಅವಳು ಬಸ್ಸು ಹತ್ತಿ ಬಂದು ನಮ್ಮ ನಡುಮನೆಯಲ್ಲಿ ಕೂತಳು. “ಇವನ ಕಣ್ಣು ನೆಟ್ಟಗೆ ಬೊಂಬಾಯಿ ಸೇರ್ಬೇಕು. ಅದು ನನ್ನ ಜವಾಬ್ದಾರಿ” ಅಂದಳು. ನಾನು ಸೇರುವುದರ ಬಗ್ಗೆ ಯಾರೂ ಚಿಂತಿಸಲಿಲ್ಲ. ಕಣ್ಣುಗಳ ಜೊತೆಗೆ ಹೋಗುವ ಸಾಮಾನಿನಂತೆ ನನ್ನನ್ನು ಲೆಕ್ಕಕ್ಕೆ ಹಿಡಿದಿದ್ದರು.

ನಡುಮನೆಯಲ್ಲಿ ಸಭೆ ಸೇರಿತು. ಅಪ್ಪನ ಮತ ರೈಲಿಗೆ. ಊರಿನಲ್ಲೇ ಹತ್ತಿ ಗುಂತಕಲ್ಲಿನಲ್ಲಿ ಬೊಂಬಾಯಿ ಮೇಲ್ ಹಿಡಿದರಾಯಿತು ಎಂದರು. ಆ ಮೇಲ್ ಗಾಡಿ ಎಲ್ಲಿಂದ ಬರುತ್ತದೆ ಎಂದು ಅತ್ತೆ ಕೇಳಿದಳು. ಮದ್ರಾಸಿನಿಂದ ಎಂದು ಭೂಗೋಳದ ಮೇಷ್ಟ್ರಾದ ನಾನೇ ಹೇಳಬೇಕಾಯಿತು. ಮದ್ರಾಸ್ ಐಯನ್ನು ಹುಟ್ಟೂರಿನಿಂದಲೇ ಹೊತ್ತು ತರುವ ಗಾಡಿಗೆ ಮದುಮಗನನ್ನು ಹತ್ತಿಸುವ ಮಾತು ಅಲ್ಲಿಗೆ ಮುಗಿಯಿತು.

ದೇವನಹಳ್ಳಿಯ ಭಾವ ವಿಮಾನದ ಪಕ್ಷ. ಒಮ್ಮೆ ಯಾವುದೋ ಕೆಲಸದ ಮೇಲೆ ಮದ್ರಾಸಿಗೆ ಹಾರಿ ಬಂದಿದ್ದ ಅವರು ಅಂದಿನಿಂದ ನೆಲದ ಮೇಲಿನ ಸಂಗತಿಗಳನ್ನೆಲ್ಲ ಸ್ವಲ್ಪ ತಾತ್ಸಾರದಿಂದಲೇ ನೋಡುತ್ತಿದ್ದರು. ಅಷ್ಟು ಎತ್ತರದಲ್ಲಿ ರೋಗಾಣು ಉಸಿರಾಡಲಾರದು, ಗಗನಸಖಿ ಪೆಪ್ಪರಮೆಂಟು ಕೊಡುತ್ತಾಳೆ, ಅದನ್ನು ಚೀಪಿ ಮುಗಿಸುವುದರೊಳಗೆ ಬೊಂಬಾಯಿ ಎಂದು ವರ್ಣಿಸಿ, ಟಿಕೆಟ್ಟಿನ ವ್ಯವಸ್ಥೆಯನ್ನೂ ತಾವೇ ವಹಿಸಿಕೊಂಡು ಬೆಂಗಳೂರಿಗೆ ಹೋದರು. ನನಗೂ ಒಳಗೊಳಗೇ ಆಸೆಯಾಯಿತು. ಎರಡು ದಿನ ಬಿಟ್ಟು ಭಾವ ಹಿಂದಿರುಗಿದಾಗ ಅವರ ಕಣ್ಣುಗಳು ದಾಸವಾಳದ ಹಾಗಿದ್ದವು. ಟಿಕೆಟ್ಟಿನ ಸಾಲಿನಲ್ಲಿ ನಿಂತು ಅವರು ತಂದದ್ದು ಅದೊಂದನ್ನೇ. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ವಿಮಾನ ಹಾರದೆಯೇ ಇಳಿಯಿತು.

ಉಳಿದದ್ದು ನೆಲಮಂಗಲದ ಸೋದರಮಾವನ ಹಳೆಯ ಕಾರು. ಲಾರಿ ವ್ಯವಹಾರದ ಮಾವನಿಗೆ ಪೂನಾ ರಸ್ತೆಯ ಪ್ರತಿಯೊಂದು ತಿರುವೂ ಗೊತ್ತು. ಉಳಿದ ಬಂಧುಗಳೆಲ್ಲ ರೈಲಿನಲ್ಲಿ ಹೋಗುವುದು, ಅವರ ಕಣ್ಣು ಹೇಗಾದರೂ ಇರಲಿ, ನಾನು ಮಾತ್ರ ಕಾರಿನಲ್ಲಿ, ಅತ್ತೆಯ ಕಾವಲಿನಲ್ಲಿ ಎಂದು ತೀರ್ಮಾನವಾಯಿತು.

ಹೀಗೆ ಮುಂಗಾರು ಇನ್ನೂ ಬೀಳದ ಸೆಕೆಯಲ್ಲಿ, ಗಾಜು ಏರಿಸಿದ ಕಾರಿನಲ್ಲಿ, ಹಪ್ಪಳದಂತೆ ಬೇಯುತ್ತ ನಾನು ಮೊದಲ ಬಾರಿಗೆ ತುಮಕೂರನ್ನು ದಾಟಿದೆ. ಅದನ್ನು ಕಣ್ಣಾರೆ ನೋಡುವ ಭಾಗ್ಯ ಇರಲಿಲ್ಲ. ಪನ್ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅತ್ತೆ ನನ್ನ ಕಣ್ಣಿಗೆ ಕಟ್ಟಿದ್ದಳು. ಚಿತ್ರದುರ್ಗದ ಕೋಟೆಯ ಬಗ್ಗೆ ವರ್ಷಾನುಗಟ್ಟಲೆ ಪಾಠ ಹೇಳಿದವನು ಆ ಕೋಟೆಯ ಕೆಳಗೆ ಗಾಂಧಾರಿಯಂತೆ ಹಾದುಹೋದೆ. ಹೋಟೆಲುಗಳಿಗೆ ಪ್ರವೇಶವಿಲ್ಲ, ಮನೆಯ ಮೊಸರನ್ನದ ಬುತ್ತಿ. ಕಣ್ಣಿನ ಬಟ್ಟೆ ಬಿಚ್ಚಿದಾಗಲೂ ಮನುಷ್ಯರನ್ನು ಬಿಟ್ಟು ಮರಗಿಡಗಳನ್ನಷ್ಟೇ ನೋಡಬೇಕೆಂದು ಆಜ್ಞೆ.

ಹಾವೇರಿ ದಾಟಿದ ಮೇಲೆ ಕಾರಿನ ಎಂಜಿನ್ ಕಾದು, ಮಾವ ನೀರು ಹಾಕಲು ನಿಲ್ಲಿಸಿದರು. ಅಲ್ಲೇ ಒಂದು ಬಸ್ಸು ಕೆಟ್ಟು ನಿಂತಿತ್ತು. ಅದರಿಂದ ಇಳಿದ ಹೆಂಗಸೊಬ್ಬಳು ಹೆಣ್ಣು ಮಗುವೊಂದನ್ನು ಎತ್ತಿಕೊಂಡು ನಮ್ಮ ಬಳಿ ಬಂದಳು. ಮಗುವಿನ ರೆಪ್ಪೆಗಳು ಕೀವಿನಿಂದ ಅಂಟಿಕೊಂಡು, ಕಣ್ಣು ತೆರೆಯಲಾಗದೆ ಅದು ಅತ್ತು ಅತ್ತು ಸೋತಿತ್ತು. ಮೈ ಸುಡುತ್ತಿದೆ, ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸಿದರೆ ಸಾಕು ಎಂದು ತಾಯಿ ಬೇಡಿದಳು. ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಬಾಗಿಲು ತೆಗೆಯಲು ಹೇಳಿದಳು.

“ನರಸಮ್ಮನೋರೇ, ಮದುವೆ ಹುಡುಗನ್ನ ಕೂರಿಸ್ಕೊಂಡಿದ್ದೀವಿ. ಆ ಮಗು ಕಣ್ಣು ನೋಡಿದ್ರಾ?” ಎಂದರು ಮಾವ.

“ನೋಡ್ದೆ ಕಣಪ್ಪಾ. ಅದಕ್ಕೇ ಬಾಗಿಲು ತೆಗಿ ಅಂದಿದ್ದು.”

ನನ್ನನ್ನು ಮುಂದಿನ ಸೀಟಿಗೆ ಕಳಿಸಿ, ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅತ್ತೆ ಮಗುವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ನನಗಾಗಿ ಜೋಪಾನ ಮಾಡಿ ತಂದಿದ್ದ ಪನ್ನೀರಿನಿಂದ ಅದರ ಕಣ್ಣನ್ನು ಒರೆಸತೊಡಗಿದಳು. ರಸ್ತೆಯ ಕುಲುಕಾಟದಲ್ಲಿ ಒಬ್ಬಳಿಗೆ ಆಗದೆ, ಕಣ್ಣಿನ ಬಟ್ಟೆ ಬಿಚ್ಚಿ ಹಿಂದಕ್ಕೆ ತಿರುಗಿ ಮಗುವಿನ ತಲೆ ಹಿಡಿದುಕೊಳ್ಳುವ ಕೆಲಸ ನನ್ನದಾಯಿತು. ಹುಬ್ಬಳ್ಳಿ ಬರುವ ಹೊತ್ತಿಗೆ ಮಗು ಒಂದು ಕಣ್ಣು ಬಿಟ್ಟು ನನ್ನನ್ನೇ ನೆಟ್ಟ ನೋಟದಿಂದ ನೋಡಿತು. ನಾನೂ ನೋಡಿದೆ. ಇಡೀ ದಾರಿಯಲ್ಲಿ ನಾನು ಕಣ್ಣಿಟ್ಟು ನೋಡಿದ ಮೊದಲ ಮನುಷ್ಯಮುಖ ಅದು. ಕಣ್ಣು ತಪ್ಪಿಸಲು ಮನಸ್ಸಾಗಲಿಲ್ಲ. ದವಾಖಾನೆಯ ಬಾಗಿಲಲ್ಲಿ ಅವರನ್ನು ಇಳಿಸಿ, ಡಾಕ್ಟರು ಮಗುವಿಗೆ ಭಯವಿಲ್ಲ ಎಂದ ಮೇಲೆಯೇ ಅತ್ತೆ ಹೊರಟಳು.

ಮಾರನೆಯ ದಿನ ಸಾತಾರಾದ ಹತ್ತಿರ ನನ್ನ ಕಣ್ಣಿನಲ್ಲಿ ಮರಳು ಬಿದ್ದ ಹಾಗಾಯಿತು. ಪೂನಾ ಬರುವಾಗ ಅತ್ತೆಗೂ ಅದೇ. ಮಾಟುಂಗದ ಮನೆಯ ಮುಂದೆ ನಾವಿಬ್ಬರೂ ಕೆಂಡದಂಥ ಕಣ್ಣಿನಿಂದ ಧಾರಾಕಾರ ನೀರು ಸುರಿಸುತ್ತ ಇಳಿದೆವು. ಅಲ್ಲಿ ನಮಗಿಂತ ಮೊದಲೇ ತಲುಪಿದ್ದ ರೈಲಿನ ಬಂಧುಗಳು ಸಾಲಾಗಿ ನಿಂತಿದ್ದರು. ಮದ್ರಾಸಿನ ಗಾಡಿಯಲ್ಲಿ ಒತ್ತೊತ್ತಾಗಿ ಕೂತು ಬಂದ ಅವರಲ್ಲಿ ಒಬ್ಬರ ಕಣ್ಣಿಗೂ ಏನೂ ಆಗಿರಲಿಲ್ಲ.

ಹುಡುಗಿಯ ತಂದೆ ಒಳ್ಳೆಯವರು; ಮಾತು ಹೇಗೆ ಎತ್ತುವುದೆಂದು ತಿಳಿಯದೆ ಕೈ ಹೊಸೆಯುತ್ತಿದ್ದರು. ಅಜ್ಜಿ ಮಾತ್ರ ಆಷಾಢ ಕಳೆಯಲಿ ಎಂದು ನಿಧಾನವಾಗಿ ಹೇಳಿದರು. ಅಪ್ಪನ ಮುಖ ಬಿಳಿಚಿತು. ಆಗ ಅತ್ತೆ ಎದ್ದು ನಿಂತು ಹಾವೇರಿಯ ರಸ್ತೆಯಲ್ಲಿ ನಡೆದದ್ದನ್ನು ಹೇಳಿದಳು. ಮಗುವನ್ನು ಹತ್ತಿಸಿಕೊಂಡದ್ದು ತಾನು, ಹುಡುಗನದು ಏನೂ ತಪ್ಪಿಲ್ಲ ಎಂದಳು. ಯಾರಿಗೂ ತಲೆಬಾಗದವಳ ದನಿ ಕೊನೆಯಲ್ಲಿ ಸ್ವಲ್ಪ ನಡುಗಿತು. “ಒಂದ್ಸಲ ಮುಂದಕ್ಕೆ ಹೋದ್ರೆ ಏನಾಗುತ್ತೆ ಅಂತ ನಂಗೊತ್ತಮ್ಮಾ. ಆ ಮಗೂನ ಅಲ್ಲೇ ಬಿಟ್ಟು ಬರೋಕೆ ಮಾತ್ರ ನನ್ ಕೈಲಾಗಲಿಲ್ಲ.”

ಒಳಗಿನ ಕೋಣೆಯ ಬಾಗಿಲು ತೆರೆಯಿತು. ರೋಗ ತಗಲಬಾರದೆಂದು ಸುಲೋಚನೆಯನ್ನು ವಾರದಿಂದ ಅಲ್ಲಿ ಬಚ್ಚಿಟ್ಟಿದ್ದರು. ಅವಳು ಹಜಾರವನ್ನು ದಾಟಿ ನೇರವಾಗಿ ಬಂದು ನನ್ನೆದುರು ನಿಂತಳು. ಈ ಸಲ ತಲೆ ತಗ್ಗಿಸಲಿಲ್ಲ. ನನ್ನ ಕೆಂಪು ಕಣ್ಣುಗಳನ್ನು, ಅವು ಸುರಿಸುತ್ತಿದ್ದ ನೀರನ್ನು, ರೆಪ್ಪೆ ಮಿಟುಕಿಸದೆ ನೋಡಿದಳು. ಅಷ್ಟು ಜನ ಹಿರಿಯರ ಮುಂದೆ ಯಾವ ಹುಡುಗಿಯೂ ಯಾವ ಹುಡುಗನನ್ನೂ ಅಷ್ಟು ಹೊತ್ತು ನೋಡಿರಲಾರಳು. ಹೆಸರಿಟ್ಟವರು ಮೊದಲನೆಯ ಅರ್ಥದಲ್ಲೇ ಇಟ್ಟಿದ್ದರೆಂದು ಮಂಜು ಮಂಜಾಗಿಯಾದರೂ ನನಗೆ ಗೊತ್ತಾಯಿತು.

ಆಮೇಲೆ ಅಜ್ಜಿಯ ಕಡೆ ತಿರುಗಿದಳು. “ಇದು ನೋಡಿದ್ರೆ ಬರೋ ಕಾಯಿಲೆ ತಾನೆ ಅಜ್ಜಿ? ನಾನು ನೋಡಾಯ್ತು. ಇನ್ನು ಮುಂದಕ್ಕೆ ಹಾಕಿ ಏನ್ ಪ್ರಯೋಜನ?”

ಅಜ್ಜಿ ನರಸಮ್ಮತ್ತೆಗೆ ತಮ್ಮ ಪಕ್ಕದಲ್ಲೇ ಜಾಗ ಮಾಡಿ ಕೂರಿಸಿಕೊಂಡು, ಎಲ್ಲರಿಗೂ ಕಾಫಿ ತರಲು ಹೇಳಿದರು.

ಮದುವೆ ಗೊತ್ತಾದ ಮುಹೂರ್ತಕ್ಕೇ ನಡೆಯಿತು. ಹಿಂದಿರುಗುವ ದಿನಕ್ಕೆ ಸುಲೋಚನೆಗೂ ಬೇನೆ ಬಂದೇ ಬಂತು. ಈ ಬಾರಿ ಯಾರ ಸಭೆಯನ್ನೂ ಕರೆಯದೆ ನಾವು ರೈಲು ಹತ್ತಿದೆವು. ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದ ಮೂರನೆಯ ದರ್ಜೆಯ ಡಬ್ಬಿ. ಹೊಸ ಸೀರೆಯ ಮದುಮಗಳು, ಅರಿಶಿನ ಆರದ ಮದುಮಗ, ಇಬ್ಬರೂ ಕೆಂಗಣ್ಣಿನವರು. ನಮ್ಮನ್ನು ಕಂಡದ್ದೇ ತಡ, ಎದುರಿನ ಬೆಂಚಿನವರು ಗಂಟುಮೂಟೆ ಎತ್ತಿಕೊಂಡು ಮೆಲ್ಲಗೆ ಸರಿದರು, ಪಕ್ಕದವರೂ ಸರಿದರು, ನಿಂತವರು ನಿಂತಲ್ಲಿಂದಲೇ ಮುಖ ತಿರುಗಿಸಿದರು. ಗಾಡಿ ದಾದರ್ ಬಿಡುವ ಹೊತ್ತಿಗೆ ಎದುರುಬದುರಾದ ಎರಡು ಬೆಂಚುಗಳೂ ನಮ್ಮವೇ ಆಗಿದ್ದವು. ಸುಲೋಚನೆ ಆರಾಮವಾಗಿ ಕಾಲು ಮಡಚಿಕೊಂಡು ಕುಳಿತು, ಕಿಟಕಿ ತೆರೆದು, ದೊಡ್ಡಬಳ್ಳಾಪುರ ಎಷ್ಟು ದೂರ ಎಂದು ಕೇಳಿದಳು. ಬಹಳ ದೂರ ಎಂದೆ. ಸದ್ಯ ಎಂದಳು.