ಮೈಲಿ ಮಾವನ ವಿಮಾನದ ಲೆಕ್ಕ

ವಿಮಾನದ ಟಿಕೆಟ್ ಮಾರುವ ಮೈಲಿ ಮಾವನ ಅಂಗಡಿಗೆ ಹೋದವರಿಗೆ ಕೂರಲು ಕುರ್ಚಿ ಸಿಗುವ ಮೊದಲೇ ದೂರ ಸಿಗುತ್ತದೆ. ಗೋಡೆಯ ಭೂಪಟದ ಮೇಲೆ ದಾರ ಎಳೆದು, "ಇಲ್ಲಿಂದ ಅಲ್ಲಿಗೆ ಆರು ಸಾವಿರದ ನಾನೂರು ಮೈಲಿ, ಹದಿಮೂರು ಗಂಟೆ. ಎರಡು ಊಟ, ಒಂದು ನಿದ್ದೆ. ಪಕ್ಕದ ಸೀಟಿನವರು ಮಾತುಗಾರರಾದ್ರೆ ನಿದ್ದೆ ಆಸೆ ಬಿಟ್ಬಿಡಿ" ಎನ್ನುತ್ತಾನೆ. ವಿಳಾಸ ತಪ್ಪಿ ಒಳಗೆ ಬಂದವರಿಗೂ ಇದೇ ಉಪಚಾರ. ಊಟಕ್ಕೆ ಯಾವಾಗ ಬರುತ್ತೀರಿ ಎಂದು ಹೆಂಡತಿ ಫೋನಿನಲ್ಲಿ ಕೇಳಿದರೆ, "ಎದುರುಗಾಳಿ ಇದ್ರೆ ಹತ್ತು ನಿಮಿಷ, ಇಲ್ದಿದ್ರೆ ಎಂಟು" ಎಂಬ ಉತ್ತರ. "ಗಾಳಿ ಹೇಗಾದ್ರೂ ಬೀಸ್ಲಿ, ಆರಿದ ಊಟ ಬಿಸಿ ಮಾಡ್ಕೊಡೋಳು ನಾನಲ್ಲ" ಎಂದು ಆಕೆ ಫೋನ್ ಇಟ್ಟುಬಿಡುತ್ತಾಳೆ. ಇಂಥ ಮಾವನ ಬಳಿಗೆ ಮೊನ್ನೆ ಎದುರು ಬೀದಿಯ ದರ್ಜಿ ಹೆಂಗಸು, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿಬಂದಳು. ಎಲ್ಲೋ ದೂರದ ದೇಶದ ಆಸ್ಪತ್ರೆಯಲ್ಲಿ ಅವಳ ಅಕ್ಕ ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳಂತೆ, ತಂಗಿಯನ್ನೇ ಕೇಳುತ್ತಿದ್ದಾಳಂತೆ. "ಎಷ್ಟು ಹೊತ್ತಾಗುತ್ತೆ ಮಾವ? ಸಿಗ್ತಾಳಾ?" ಮಾವ ಭೂಪಟದ ಕಡೆ ತಿರುಗಲಿಲ್ಲ. ಅಂದೇ ಸಂಜೆಯ ಟಿಕೆಟ್ ತೆಗೆದು ಅವಳ ಕೈಗಿಟ್ಟು, "ಮೊದಲ್ನೇ ವಿಮಾನ ಎರಡೇ ಗಂಟೆ ತಾಯಿ. ಅಲ್ಲಿ ಇಳಿದು ನಂಗೊಂದು ಫೋನ್ ಮಾಡು. ಮುಂದಿಂದು ಆಮೇಲೆ ಹೇಳ್ತೀನಿ" ಎಂದ. ಎರಡನೇ ವಿಮಾನದ ಉಳಿದ ಹದಿನಾಲ್ಕು ಗಂಟೆಯನ್ನು ತನ್ನ ಬಳಿಯೇ ಇಟ್ಟುಕೊಂಡ. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ಯಾರು ಏನು ಕೇಳಿದರೂ, "ಸ್ವಲ್ಪ ಕೂತ್ಕೊಳ್ಳಿ, ನಮ್ಮವಳು ಇನ್ನೂ ಇಳಿದಿಲ್ಲ" ಎನ್ನುತ್ತಾ ಗಡಿಯಾರವನ್ನೇ ನೋಡುತ್ತಿದ್ದ.