ಯಲಬುರ್ಗಾ ಗೋಧಿ

ನಿಜಾಮರ ಕಾಲದಾಗ ತಹಶೀಲ್ದಾರ್ ಸಾಹೇಬ್ರು ಊರೂರು ತಿರುಗಾಕ ದೌರಾ ಹೊಂಟ್ರ ಅಡಗಿ ನಂದ. ಗೋಧಿಹಿಟ್ಟು ಸಾಣಿಸಿ, ತೌಡೆಲ್ಲಾ ಅವರ ಕುದುರಿಗೆ ಹಾಕಿ, ಬೆಳ್ಳನ ಚಪಾತಿ ಮಾಡಬೇಕಿತ್ತು. ಕುದುರಿ ಗುಂಡಗಿತ್ತು. ಸಾಹೇಬ್ರು ಮಾತ್ರ ಮುಂಜಾನೆ ತಂಬಿಗಿ ಹಿಡ್ಕೊಂಡು ಹೋದ್ರ ತಾಸಾದ್ರೂ ಬರ್ತಿರಲಿಲ್ಲ.

ಒಮ್ಮೆ ಸಾಣಿಗಿ ಕುಷ್ಟಗ್ಯಾಗ ಮರೆತು ಯಲಬುರ್ಗಾಕ್ಕ ಬಂದೆ. ಸಾಣಿಸದ ಹಿಟ್ಟಿನ ಚಪಾತಿನ ಬಡಿಸಿದೆ.

"ಇದ್ಯಾಕಲೇ ಕರ್ರಗೈತಿ?"

"ಯಲಬುರ್ಗಾ ಗೋಧಿ ಹಂಗರೀ ಸಾಹೇಬ್ರ," ಅಂದೆ. ನೌಕರಿ ಹೋತು ಅಂದ್ಕೊಂಡೆ.

ನಾಲ್ಕನೇ ದಿನ ಮುಂಜಾನೆ, ಕುದುರಿಗೆ ಜೀನು ಬಿಗಿಯೋದ್ರಾಗ, ತಂಬಿಗಿ ಹಿಡ್ಕೊಂಡು ಹೋಗಿದ್ದ ಸಾಹೇಬ್ರು ಮೀಸಿ ತಿರುವ್ಕೋತ ಹೊಳ್ಳಿ ಬಂದ್ರು!

"ಭಾಳ ಛಲೋ ಗೋಧಿ. ಇನ್ನ ಮ್ಯಾಲೆ ಇದನ್ನ ಮಾಡು!"

ಅದು ಕುಷ್ಟಗಿ ಸಂತ್ಯಾಗ ಕೊಂಡ ಗೋಧಿ. ಮುಂದ ಗಂಗಾವತಿ, ಕೊಪ್ಪಳ ಎಲ್ಲೇ ಹೋದ್ರೂ ಅವರಿಗೆ 'ಯಲಬುರ್ಗಾ ಗೋಧಿ'ನ ಉಣಿಸಿದೆ. ಹೊಸಾ ಸಾಣಿಗಿ ಕೊಳ್ಳಲಿಲ್ಲ. ಕುದುರಿ ಒಂದ ನನ್ನ ಮ್ಯಾಲೆ ಸಿಟ್ಟಾತು.