ಸುಗುಣ ಮುಳುಗದ ಪ್ರತಿ

ನಮ್ಮ ಮನೆಗೆ ಬರುವವರು ಚಪ್ಪಲಿ ಬಿಡುವ ಮೊದಲೇ ಮೂಗು ಅರಳಿಸುತ್ತಾರೆ. ಕೇಳಲೋ ಬೇಡವೋ ಎಂಬ ಸಂಕೋಚದಲ್ಲಿ ಒಂದು ಕ್ಷಣ ಒದ್ದಾಡಿ, ಕೊನೆಗೆ ನನ್ನ ಹೆಂಡತಿ ಪದ್ಮಳ ಮುಖ ನೋಡುತ್ತಾರೆ. ಪದ್ಮ ಬಹಳ ಕಾಲ ಇದಕ್ಕೊಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದಳು: “ಉಪ್ಪಿನಕಾಯಿ ಹಾಕಿದ್ದೆ, ಒಸಿ ಹುಳಿ ಬಂದ್ಬುಡ್ತು.” ವರ್ಷವಿಡೀ ಉಪ್ಪಿನಕಾಯಿ ಹಾಕುವ, ಹಾಕಿದ್ದೆಲ್ಲವನ್ನೂ ಕೆಡಿಸುವ ಗೃಹಿಣಿ ಎಂಬ ಅಪಖ್ಯಾತಿಯನ್ನು ಆಕೆ ನನಗಾಗಿ ಹೊತ್ತಳು. ರಾಮನಗರದಲ್ಲಿ, ಅದೂ ರೇಷ್ಮೆಗೂಡು ಬೇಯಿಸುವ ಬೀದಿಯ ಮಗ್ಗುಲಲ್ಲಿ ಬಾಳುವವರ ಮೂಗಿಗೆ ವಾಸನೆಯ ವಿಷಯದಲ್ಲಿ ಸಾಕಷ್ಟು ಸಹನೆ ಇರುತ್ತದೆ. ಅಂಥ ಅನುಭವಿ ಮೂಗುಗಳೂ ನಮ್ಮ ಹೊಸಿಲಿನಲ್ಲಿ ತಡವರಿಸುತ್ತವೆಂದರೆ ನೀವೇ ಊಹಿಸಿಕೊಳ್ಳಿ.

ಆ ಹುಳಿ ವಾಸನೆ ಹಳೆಯ ಸಿನಿಮಾದ್ದು. ಡಬ್ಬದೊಳಗೆ ಗಾಳಿಯಾಡದೆ, ಸೆಖೆಯಲ್ಲಿ ಬೆಂದು, ವಯಸ್ಸಾದ ಫಿಲಂ ಸುರುಳಿಗೆ ಒಂದು ಕಾಯಿಲೆ ಹತ್ತಿಕೊಳ್ಳುತ್ತದೆ. ಮೊದಲು ವಿನೆಗರ್‌ನಂತೆ ನಾರುತ್ತದೆ, ಆಮೇಲೆ ಸೊಟ್ಟಗಾಗಿ ಕುಗ್ಗುತ್ತದೆ, ಕೊನೆಗೆ ಕೈಗೆ ಪುಡಿಪುಡಿಯಾಗಿ ಬರುತ್ತದೆ. ಗುಣಪಡಿಸುವ ಔಷಧವಿಲ್ಲ, ನೆರಳು, ಗಾಳಿ, ಉಪಚಾರಗಳಿಂದ ಅಂತ್ಯವನ್ನು ಮುಂದೂಡಬಹುದು, ಅಷ್ಟೆ. ಕನಕಪುರದ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ನಾನು, ರಾಜವಂಶಗಳ ಅವನತಿಯ ಕಾರಣಗಳನ್ನು ಹಗಲೆಲ್ಲ ವಿವರಿಸಿ, ಸಂಜೆ ಮನೆಗೆ ಬಂದು ಈ ಸುರುಳಿಗಳ ಅವನತಿಯನ್ನು ಮೂಸಿ ನೋಡುತ್ತ ಕೂರುತ್ತೇನೆ.

ಹಿತ್ತಲಲ್ಲಿ ನಮ್ಮ ತಂದೆಯ ಕಾಲದ ದನದ ಕೊಟ್ಟಿಗೆಯಿದೆ. ದನಗಳು ಹೋದ ಮೇಲೆ ಅದು ನನ್ನ ಚಿತ್ರಮಂದಿರವಾಯಿತು. ಗೋದಲಿ ಇದ್ದ ಕಡೆ ಟೆಂಟ್ ಸಿನಿಮಾದ ಹಳೆಯ ಪ್ರೊಜೆಕ್ಟರು, ಎದುರಿಗೆ ಸುಣ್ಣ ಬಳಿದ ಗೋಡೆಯೇ ಪರದೆ, ಕಿಟಕಿಗಳಿಗೆ ಕರಿ ಕಂಬಳಿ. ಊರೆಲ್ಲ ಕೈಯಗಲದ ಹೊಳೆಯುವ ತಟ್ಟೆಗಳಲ್ಲಿ ಸಿನಿಮಾ ಕೊಂಡು ತಂದು ಟೀವಿಯಲ್ಲಿ ನೋಡುತ್ತಿದ್ದ ಕಾಲದಲ್ಲಿ ನಾನು ಹೆಗಲಿಗೆ ಭಾರವಾಗುವ ಸಿನಿಮಾಗಳನ್ನು ಹೊತ್ತು ತರುತ್ತಿದ್ದೆ. ಹುಚ್ಚೆನ್ನಿ, ಬೇಸರವಿಲ್ಲ. ಮಾಗಡಿಯಿಂದ ಹಾರೋಹಳ್ಳಿಯವರೆಗಿನ ಗುಜರಿ ಅಂಗಡಿಗಳಲ್ಲಿ “ರೀಲು ಮೇಷ್ಟ್ರು” ಎಂದರೆ ಸಾಕು, ನನಗಾಗಿ ಒಂದು ಸ್ಟೂಲು ಹೊರಬರುತ್ತದೆ. ಈ ಗೌರವ ನನಗೆ ಕಾಲೇಜಿನಲ್ಲಿ ಇನ್ನೂ ದೊರೆತಿಲ್ಲ.

ಗುಜರಿಯವರಿಗೆ ಅದು ಸುಗ್ಗಿಯ ಕಾಲ. ಹಾರೋಹಳ್ಳಿಯ ಹೊಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದವು, ಹೆದ್ದಾರಿ ಅಗಲವಾಗುತ್ತಿತ್ತು, ಹಳೆಯ ಮನೆಗಳ ಅಟ್ಟಗಳು ಒಂದೊಂದಾಗಿ ಬೀದಿಗೆ ಇಳಿಯುತ್ತಿದ್ದವು. ಉಳಿದವರು ಆ ಬದಲಾವಣೆಯಲ್ಲಿ ನಿವೇಶನಗಳನ್ನು ನೋಡುತ್ತಿದ್ದರೆ ನಾನು ಅಟ್ಟದಿಂದ ಉರುಳಬಹುದಾದ ದುಂಡನೆಯ ತಗಡಿನ ಡಬ್ಬಗಳನ್ನು ಕಾಯುತ್ತಿದ್ದೆ. ಬೇರೆಯವರ ಮನೆ ಕೆಡವುವುದನ್ನು ಆಸೆಯಿಂದ ನೋಡುವ ಮನುಷ್ಯ ಹದ್ದಿನ ಜಾತಿಯವನು ಎಂದು ಪದ್ಮ ಹೇಳುತ್ತಿದ್ದಳು. ನಾನು ಅಲ್ಲಗಳೆಯುತ್ತಿರಲಿಲ್ಲ.

ಈಗ ನನ್ನ ದೊಡ್ಡಮ್ಮ ನಿಂಗಮ್ಮನ ವಿಷಯಕ್ಕೆ ಬರಬೇಕು. ಹಾರೋಹಳ್ಳಿಯ ಪಕ್ಕದ ಊರಿಗೆ ಸೊಸೆಯಾಗಿ ಹೋದವಳು. ಹೊಸದರಲ್ಲಿ ಹಾರೋಹಳ್ಳಿ ಬಯಲಿನ ಟೆಂಟಿನಲ್ಲಿ ಒಂದು ಕಪ್ಪು ಬಿಳುಪು ಚಿತ್ರ ನೋಡಿ, ಅದರ ನಾಯಕಿಗೆ ಮನಸೋತು, ಮುಂದೆ ಹುಟ್ಟಿದ ಮಗಳಿಗೆ ಸುಗುಣ ಎಂದು ಅದೇ ಹೆಸರಿಟ್ಟಳು. ಚಿತ್ರದ ಹೆಸರು ಕೇಳಬೇಡಿ. ಬೇರೆ ಸಂಗ್ರಾಹಕರೂ ಇದನ್ನು ಓದುತ್ತಿರಬಹುದು, ನಮ್ಮ ಕುಲದಲ್ಲಿ ಹೊಟ್ಟೆಕಿಚ್ಚು ವಿನೆಗರ್ ವಾಸನೆಗಿಂತ ಬೇಗ ಹಬ್ಬುತ್ತದೆ. ಸುಗುಣ ಬೆಳೆದು, ಕನಕಪುರಕ್ಕೆ ಮದುವೆಯಾಗಿ, ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಚೋದ್ಯವೆಂದರೆ ಆ ಕಾರ್ಖಾನೆ ನಿಂತಿದ್ದದ್ದು ಆ ಟೆಂಟಿನ ಬಯಲಿನಲ್ಲೇ.

ಎಲ್ಲ ಸುಖವಾಗಿರುವಾಗ ಒಂದು ಭಾನುವಾರದ ಪತ್ರಿಕೆಯಲ್ಲಿ ಯಾರೋ ಹಳೆಯ ಚಿತ್ರಗಳ ಬಗ್ಗೆ ಬರೆಯುತ್ತ ಈ ಚಿತ್ರದ ಕಥೆ ಹೇಳಿಬಿಟ್ಟರು. ಕೊನೆಯಲ್ಲಿ ನಾಯಕಿ ಅಪವಾದ ತಾಳಲಾರದೆ ಹೊಳೆಗೆ ಇಳಿಯುತ್ತಾಳೆ, ಕಾಲ್ಗೆಜ್ಜೆ ಮಾತ್ರ ದಡಕ್ಕೆ ಬರುತ್ತದೆ. ಸುಗುಣಳ ಅತ್ತೆ ಚಿಕ್ಕತಾಯಮ್ಮ ಅದನ್ನು ಓದಿಸಿಕೊಂಡು ಕೇಳಿದರು. ಕೆಟ್ಟವರಲ್ಲ, ಆದರೆ ಅಪಶಕುನಕ್ಕೆ ಹೆದರುವವರು. “ಹೊಳೆಗ್ ಬಿದ್ದು ಸತ್ತೋಳ ಹೆಸರ ಯಾರಾರ ಮಗೀಗ್ ಇಕ್ತಾರಾ?” ಎಂದವರು ಅಂದಿನಿಂದ ಸೊಸೆಯನ್ನು ಲಕ್ಷ್ಮೀ ಎಂದು ಕರೆಯತೊಡಗಿದರು. ನಮ್ಮ ಸುಗುಣ ಮೊದಮೊದಲು ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯದೆ ಸುಮ್ಮನಿರುತ್ತಿದ್ದಳಂತೆ. ಅದಕ್ಕೆ ಬೇರೆ ಬೈಗುಳ.

ದೊಡ್ಡಮ್ಮ ಉರಿದುಬಿದ್ದಳು. “ಅವ್ಳು ಸಾಯಾಕಿಲ್ಲ ಕಣ್ಲಾ ಮಗಾ! ಹೊಳೆಗ್ ಇಳೀತಾಳೆ, ದಿಟ. ಆಮ್ಯಾಕೆ ಸೊಂಟದ್ ಮ್ಯಾಲೆ ತುಂಬಿದ ಕೊಡ ಮಡಿಕ್ಕಂಡು ಎದ್ ಬತ್ತಾಳೆ. ನನ್ ಕಣ್ಣಾರ ನೋಡಿವ್ನಿ.” ಬಂಧುಗಳು ನನ್ನತ್ತ ತಿರುಗಿದರು, ಏಕೆಂದರೆ ಮನೆತನದಲ್ಲಿ ಸಿನಿಮಾ ಪಂಡಿತ ನಾನೊಬ್ಬನೇ. ನಾನು ಕನ್ನಡಕ ಸರಿಮಾಡಿಕೊಂಡು, ಮೂಲ ಆಧಾರ ಸಿಗದೆ ಏನೂ ಹೇಳಲಾಗದು ಎಂದು ಇತಿಹಾಸದ ಮೇಷ್ಟ್ರಿಗೆ ಒಪ್ಪುವ ಮಾತಾಡಿದೆ. ದೊಡ್ಡಮ್ಮ ನನ್ನನ್ನೇ ದಿಟ್ಟಿಸಿ, “ಹಂಗಾರೆ ಹುಡುಕ್ಲಾ. ಡಬ್ಬ ಡಬ್ಬ ಅಂತ ಊರೂರ್ ತಿರುಗ್ತೀಯಲ್ಲ, ನನ್ ಮಗಳ ಹೆಸರ್ ಇರೋ ಡಬ್ಬ ಒಂದ್ ತಂದ್ಕೊಡು” ಎಂದಳು. ಅಲ್ಲಿಯವರೆಗೆ ನನ್ನ ಹವ್ಯಾಸದಿಂದ ಯಾರಿಗಾದರೂ ಉಪಯೋಗವಾದೀತೆಂದು ಯಾರೂ ಅಂದುಕೊಂಡಿರಲಿಲ್ಲ, ನಾನೂ ಸೇರಿ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಎದೆ ಸ್ವಲ್ಪ ಉಬ್ಬಿತ್ತು.

ಹುಡುಕಾಟದ ಕಥೆಯನ್ನೆಲ್ಲ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಆ ಚಿತ್ರದ ಪ್ರತಿ ಎಲ್ಲೂ ಪೂರ್ತಿಯಾಗಿ ಇರಲಿಲ್ಲ. ಬೆಂಗಳೂರಿನ ಒಬ್ಬ ಸಂಗ್ರಾಹಕ ಮಿತ್ರರ ಬಳಿ ಕೊನೆಯ ತುಣುಕೊಂದು ಮಾತ್ರ ಇತ್ತು, ಅದರಲ್ಲಿ ಗೆಜ್ಜೆ ಸ್ಪಷ್ಟವಾಗಿ ದಡಕ್ಕೆ ಬರುತ್ತಿತ್ತು. ಅದನ್ನು ನೋಡಿದ ದಿನ ದೊಡ್ಡಮ್ಮನ ಮನೆಯ ಕಡೆ ಹೋಗುವ ಬಸ್ಸನ್ನೂ ನಾನು ಹತ್ತಲಿಲ್ಲ. ಕೊನೆಗೆ ಮಾಗಡಿಯ ಗುಜರಿಯವನೊಬ್ಬ, ಹಾರೋಹಳ್ಳಿ ಟೆಂಟಿನಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರು ಚನ್ನಪಟ್ಟಣದವನೆಂದೂ, ಅವನ ಅಣ್ಣನ ಮಗ ಸತ್ತಾರ್ ಸಾಬರು ಗೊಂಬೆ ಮಾಡುತ್ತಾರೆಂದೂ ಹೇಳಿದ.

ಸತ್ತಾರ್ ಸಾಬರ ಕಾರ್ಖಾನೆ ಎಂದರೆ ಒಂದು ಕೋಣೆ, ಮರ ಕಡೆಯುವ ಒಂದು ತಿರುಗಣೆ, ನೆಲದ ತುಂಬ ಹಾಲೆ ಮರದ ಹೊಟ್ಟು. ಬಣ್ಣದ ಅರಗಿನ ಕಡ್ಡಿಗಳನ್ನು ಅವರು ಜೋಡಿಸಿಟ್ಟಿದ್ದು ಯಾವುದರಲ್ಲಿ ಎಂದು ಬಲ್ಲಿರಾ? ಫಿಲಂ ಡಬ್ಬಗಳಲ್ಲಿ. ಒಳಗಿದ್ದ ಸುರುಳಿಗಳೆಲ್ಲಿ ಎಂದರೆ, ಅಟ್ಟದ ಗೋಣಿಚೀಲದತ್ತ ಕೈ ತೋರಿಸಿದರು. ಇಳಿಸಿ, ಒಂದು ಸುರುಳಿಯ ತುದಿಯನ್ನು ಬೆಳಕಿಗೆ ಹಿಡಿದರೆ ನಾನು ಹುಡುಕುತ್ತಿದ್ದ ಚಿತ್ರದ ಹೆಸರೇ ಇತ್ತು. ಸವೆದ ಪ್ರತಿಯೆಂದು ಹಂಚಿಕೆದಾರರು ಹಿಂದಕ್ಕೆ ಕೇಳಿರಲಿಲ್ಲ, ಆಪರೇಟರ್ ಚಿಕ್ಕಪ್ಪ ಬಿಸಾಡಬೇಡವೆಂದಿದ್ದರು. “ಫಿಲಂ ತಗೊಂಡು ಹೋಗಿ ಸಾರ್, ಸುಮ್ನೆ ಬಿದ್ದೈತೆ. ಡಬ್ಬಿ ಮಾತ್ರ ಕೇಳ್ಬೇಡಿ, ಇಂಥ ಡಬ್ಬಿ ಈಗ ಎಲ್ಲಿ ಸಿಗ್ತದೆ?” ಎಂದರು. ಜಗತ್ತಿನ ಸಂಗ್ರಾಹಕರೆಲ್ಲ ಬಾಯಿ ಬಾಯಿ ಬಿಡುವ ವಸ್ತುವನ್ನು ಪುಕ್ಕಟೆ ಕೊಟ್ಟು, ತಗಡಿಗೆ ಜಿಗುಟುತನ ತೋರಿದ ಅವರನ್ನು ಕಂಡು ನನಗೆ ನಗು ಬಂತು. ಆದರೆ ದುಂಡನೆಯ ಡಬ್ಬವಿಲ್ಲದೆ ಸುರುಳಿ ಉಳಿಯದು. ಕೊನೆಗೆ ಪದ್ಮಳ ತವರಿನ ಸ್ಟೀಲ್ ಡಬ್ಬಗಳು, ಕೋಡುಬಳೆ ಚಕ್ಕುಲಿಗಳನ್ನು ಹೊರಹಾಕಿ, ಚನ್ನಪಟ್ಟಣಕ್ಕೆ ಪ್ರಯಾಣ ಬೆಳೆಸಿದವು. ಡಬ್ಬಗಳು ಅದಲುಬದಲಾದವು. ಪದ್ಮ ಕೆಲವು ದಿನ ನನ್ನೊಡನೆ ಮಾತನ್ನು ಅಗತ್ಯಕ್ಕಷ್ಟೇ ಬಳಸಿದಳು.

ಮನೆಗೆ ತಂದು ಬಿಳಿ ಬಟ್ಟೆಯ ಮೇಲೆ ಹಾಸಿ, ಭೂತಗನ್ನಡಿ ಹಿಡಿದು ನೋಡಿದೆ. ಹುಳಿ ಕಾಯಿಲೆ ಆಗಲೇ ಹತ್ತಿತ್ತು; ಹೆಚ್ಚು ಸಲ ಓಡಿಸುವಂತಿರಲಿಲ್ಲ. ಮೊದಲ ಸುರುಳಿಯಲ್ಲಿ ಒಂದು ವಿಚಿತ್ರ ಕಂಡಿತು. ಚಿತ್ರದ ಸುಗುಣ ನೀರು ತರಲು ಹೊರಡುತ್ತಾಳೆ, ಮರುಕ್ಷಣವೇ ಮನೆಯಲ್ಲಿ ಅಡುಗೆ ಮಾಡುತ್ತಿರುತ್ತಾಳೆ. ಹೊಳೆಯ ದೃಶ್ಯವನ್ನೇ ಯಾರೋ ಕತ್ತರಿಸಿದ್ದರು. ಕೊನೆಯ ಸುರುಳಿಗೆ ಬಂದೆ. ಸುಗುಣ ಬಿಳಿ ಸೀರೆಯುಟ್ಟು ಬರಿಗೈಯಲ್ಲಿ ಹೊಳೆಗೆ ಇಳಿಯುತ್ತಾಳೆ, ನೀರು ಮೇಲೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಗೆಜ್ಜೆ ಇಲ್ಲ. ಅಂಟಿಸಿದ ಒಂದು ಬೆಸುಗೆ ಇದೆ. ಅದರಾಚೆ ಅದೇ ಸುಗುಣ, ಅಂಚಿನ ಸೀರೆಯುಟ್ಟು, ಸೊಂಟದ ಮೇಲೆ ತುಂಬಿದ ಕೊಡವಿಟ್ಟುಕೊಂಡು, ಮೆಟ್ಟಿಲು ಹತ್ತಿ ನಗುತ್ತ ಬರುತ್ತಾಳೆ. ಅಲ್ಲಿಗೆ ಶುಭಂ.

ಮತ್ತೆ ಚನ್ನಪಟ್ಟಣಕ್ಕೆ ಓಡಿದೆ. ಸತ್ತಾರ್ ಸಾಬರು ತಿರುಗಣೆ ನಿಲ್ಲಿಸಿ ಹೇಳಿದ್ದು ಇಷ್ಟು: ಹಾರೋಹಳ್ಳಿ ಟೆಂಟಿನಲ್ಲಿ ಶುಕ್ರವಾರದ ಆಟಕ್ಕೆ ಸುತ್ತಣ ಹೆಂಗಸರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಮುತ್ತೈದೆಯರು ಸಾವು ಕಂಡು ಮನೆಗೆ ಹೋಗಿ ದೀಪ ಮುಟ್ಟಬಾರದು ಎಂದು ಟೆಂಟಿನ ಯಜಮಾನರು ಕಟ್ಟುನಿಟ್ಟು ಮಾಡಿದ್ದರು. ಹಾಗಾಗಿ ಚಿಕ್ಕಪ್ಪ, ಯಾವ ಚಿತ್ರ ಬಂದರೂ ಮೊದಲು ಅದರ ಸಾವುಗಳಿಗೆ ಕತ್ತರಿ ಆಡಿಸುತ್ತಿದ್ದರು. “ಆ ಹೀರೋಯಿನ್ನು ಹೊಳೆ ಹತ್ರ ಬದುಕಿರೋ ಫಿಲಂ ಅದೊಂದೇ ಸಿಕ್ತಂತೆ ಸಾರ್, ಅಂಟಿಸ್ಬಿಟ್ರು.”

ಸಂತೋಷ ತಡೆಯಲಾರದೆ ಬೆಂಗಳೂರಿನ ಮಿತ್ರರಿಗೆ ಫೋನಾಯಿಸಿದೆ. ಅವರು ನೊಂದುಕೊಂಡರು. “ಇದು ಕೆಡಿಸಿದ ಪ್ರತಿ. ಕೊಡ ಹೊತ್ತು ಬರುವ ದೃಶ್ಯವನ್ನು ಬಿಚ್ಚಿ ಮೊದಲ ಸುರುಳಿಗೆ ಸೇರಿಸು, ಕೊನೆಗೆ ನನ್ನ ಗೆಜ್ಜೆಯ ತುಣುಕನ್ನು ಕೊಡುತ್ತೇನೆ, ಆಗ ನಾಡಿನಲ್ಲಿ ಇದೊಂದೇ ಪರಿಶುದ್ಧ ಪ್ರತಿಯಾಗುತ್ತದೆ, ನಿನ್ನ ಹೆಸರು ಉಳಿಯುತ್ತದೆ” ಎಂದರು. ಸುಳ್ಳೇಕೆ ಹೇಳಲಿ, ಆಸೆಯಾಯಿತು. ಪರಿಶುದ್ಧ ಎಂಬ ಮಾತಿಗೆ ಸಂಗ್ರಾಹಕನ ಬಾಯಲ್ಲಿ ನೀರೂರುತ್ತದೆ. ಆದರೆ ಕೈಯಲ್ಲಿ ಬ್ಲೇಡು ಹಿಡಿದು ಆ ಬೆಸುಗೆಯ ಮುಂದೆ ಕುಳಿತಾಗ ಬೇರೊಂದು ಯೋಚನೆ ಬಂತು. ಹಳೆಯ ಕಾವ್ಯಗಳಿಗೆ ಪಾಠಾಂತರಗಳಿರುತ್ತವೆ, ಪಂಡಿತರು ಅವನ್ನು ಅಡಿಟಿಪ್ಪಣಿಯಲ್ಲಿಟ್ಟು ಪೂಜಿಸುತ್ತಾರೆ. ಹಾಗಿರುವಾಗ ನಮ್ಮ ಹಾರೋಹಳ್ಳಿಗೂ ಒಂದು ಪಾಠ ಇರಬಾರದೇ? ಗೆಜ್ಜೆ ದಡಕ್ಕೆ ಬರುವ ಚಿತ್ರವನ್ನು ನಾಡೆಲ್ಲ ನೋಡಿದೆ. ಕೊಡ ಹೊತ್ತವಳನ್ನು ನೋಡಿದವರು ನಮ್ಮವರು ಮಾತ್ರ. ಬ್ಲೇಡನ್ನು ಒಳಗಿಟ್ಟೆ. ಅಷ್ಟು ಹೆಮ್ಮೆ ನನಗೆ ಡಾಕ್ಟರೇಟು ಸಿಕ್ಕ ದಿನವೂ ಆಗಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕೊಟ್ಟಿಗೆಗೆ ಕಂಬಳಿ ಇಳಿಬಿಟ್ಟು ಆಟ ಏರ್ಪಡಿಸಿದೆ. ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು ಬಂದಳು. ಬೀಗಿತ್ತಿ ಚಿಕ್ಕತಾಯಮ್ಮ ಮುಖ ಬಿಗಿದುಕೊಂಡು ಬಂದರು. ಸುಗುಣ ಇಬ್ಬರ ನಡುವೆ, ಯಾರ ಕಡೆಗೂ ವಾಲದಂತೆ, ಎಚ್ಚರದಿಂದ ಕುಳಿತಳು. ಸೊಟ್ಟಗಾದ ಫಿಲಮ್ಮು ಪ್ರೊಜೆಕ್ಟರಿನಲ್ಲಿ ನರಳುತ್ತ ಓಡಿತು. ಕೊನೆಯ ಸುರುಳಿ ಬಂತು, ಗೋಡೆಯ ಮೇಲಿನ ಸುಗುಣ ಹೊಳೆಗೆ ಇಳಿದಳು, ನೀರು ಮುಚ್ಚಿಕೊಂಡಿತು, ಅಷ್ಟರಲ್ಲಿ ಬೆಸುಗೆ ಪಟ್ಟೆಂದು ಕಿತ್ತು ಗೋಡೆ ಬೆಳ್ಳಗಾಯಿತು.

“ನೋಡುದ್ರಾ? ಮುಗೀತಲ್ಲ” ಎಂದರು ಚಿಕ್ಕತಾಯಮ್ಮ. ನಾನು ಅಂಟಿನ ಸೀಸೆಯ ಮುಚ್ಚಳ ತೆಗೆದೆ. ಫಿಲಂನ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಅಂಟು ಕೂರದೆ ಹೋದರೆ ಸುಗುಣ ನಿಜಕ್ಕೂ ಮುಳುಗುತ್ತಿದ್ದಳು, ಅದೂ ನನ್ನ ಕೊಟ್ಟಿಗೆಯಲ್ಲಿ. ಆಗ ಕತ್ತಲೊಳಗಿಂದ ದೊಡ್ಡಮ್ಮನ ದನಿ, ಒಲೆಯ ಮುಂದೆ ಕುಳಿತವಳಷ್ಟು ನಿರಾಳವಾಗಿ, ಕೇಳಿತು: “ಒಸಿ ತಡೀರಿ. ಬತ್ತಾಳೆ.”

ಅಂಟಿಸಿದೆ. ಚಾಲೂ ಮಾಡಿದೆ. ಬಂದಳು. ಅಂಚಿನ ಸೀರೆ, ಸೊಂಟದ ಮೇಲೆ ಕೊಡ, ಮುಖದ ತುಂಬ ಬೆಳಕು. ಚಿಕ್ಕತಾಯಮ್ಮ ಸುಲಭಕ್ಕೆ ಸೋಲುವವರಲ್ಲ. “ಬರಿಗೈಲಿ ಹೋದೋಳು, ಕೊಡ ಎಲ್ಲಿಂದ ತಂದ್ಲು? ಸೀರೆ ಎಲ್ಲಿಂದ ಬಂತು?” ಎಂದರು. ಸರಿಯಾದ ಪ್ರಶ್ನೆ. ಕತ್ತರಿಯ ಕಥೆಯನ್ನು ಸಾಕ್ಷ್ಯಾಧಾರಗಳೊಡನೆ ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ದೊಡ್ಡಮ್ಮ ತಿರುಗಿ ನೋಡದೆಯೇ ಹೇಳಿದಳು: “ಗಂಗಮ್ಮ ಕೊಟ್ಟವ್ಳೆ. ಅವಳ ಮಡಿಲಿಗೆ ಬಿದ್ದ ಹೆಣ್ಮಗೀನ ಬರಿಗೈಲಿ ಕಳಿಸ್ತಾಳಾ?”

ತವರಿಗೆ ಬಂದ ಮಗಳನ್ನು ಸೀರೆ ಉಡಿಸಿ, ಮಡಿಲು ತುಂಬಿ ಕಳಿಸುವುದು ತಿಳಿಯದವರು ಅಲ್ಲಿ ಒಬ್ಬರೂ ಇರಲಿಲ್ಲ. ಆಪರೇಟರು ಸಿಕ್ಕಿದ ತುಂಡನ್ನು ಅಂಟಿಸಿದ್ದ. ಅದಕ್ಕೆ ಅರ್ಥವನ್ನು ಅಂಟಿಸಿದವರು ಟೆಂಟಿನ ಮರಳ ಮೇಲೆ ಕುಳಿತಿದ್ದ ಹೆಂಗಸರು. ಉಪನ್ಯಾಸವನ್ನು ಅಲ್ಲಿಗೇ ಬಿಟ್ಟು ಎದ್ದೆ. ಕಂಬಳಿ ಸರಿಸಿದಾಗ ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಿಸಿಲಿಗೆ ಕಣ್ಣು ಚುಚ್ಚಿತೆಂಬಂತೆ ಮುಖ ಗಂಟಿಕ್ಕಿ, ಸೊಸೆಯ ಕಡೆ ತಿರುಗಿ, ಏನೂ ಆಗದವರಂತೆ ಅಂದರು: “ಸುಗುಣಾ, ಕುಡಿಯಾಕ್ ಒಸಿ ನೀರ್ ತಗಂಬಾರವ್ವ.”

ಸುಗುಣ ಥಟ್ಟನೆ ಎದ್ದಳು. ಈ ಸಲ ಯಾರನ್ನು ಕರೆದರೆಂದು ಯೋಚಿಸಬೇಕಾಗಿರಲಿಲ್ಲ.

ಆ ಸುರುಳಿಯನ್ನು ಮತ್ತೆ ಓಡಿಸಿಲ್ಲ, ಓಡಿಸುವಂತೆಯೂ ಇಲ್ಲ. ನೆರಳಿನಲ್ಲಿ, ಸತ್ತಾರ್ ಸಾಬರ ಡಬ್ಬದಲ್ಲಿ, ಬಣ್ಣದ ಅರಗಿನ ಚೂರುಗಳು ಅಲ್ಲಲ್ಲಿ ಅಂಟಿದ ತಗಡಿನ ಹಾಸಿಗೆಯ ಮೇಲೆ ಮಲಗಿದೆ. ವಾಸನೆ ಮಾತ್ರ ದಿನೇ ದಿನೇ ಏರುತ್ತಿದೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದಾತ ಹೊಸಿಲಲ್ಲೇ ನಿಂತು ಮೂಗು ಅರಳಿಸಿದ. ನಾನು ಒಳಕೋಣೆಯಲ್ಲಿ ಕುಳಿತು ಉಪ್ಪಿನಕಾಯಿಯ ಉತ್ತರಕ್ಕಾಗಿ ಕಾಯುತ್ತಿದ್ದೆ. “ಅದು ಸಿನಿಮಾ ಕಣಪ್ಪ, ನಮ್ ಹಾರೋಹಳ್ಳೀದು” ಎಂದಳು ಪದ್ಮ, “ಇಡೀ ನಾಡಲ್ಲಿ ಇರೋದು ನಮ್ಮನೇಲ್ ಮಾತ್ರ.”